ಎಲುಬುಗಳನ್ನು ಓದಿದ ಬಾಯಿಯವರು

ಕಳೆದ ವರುಷದ ಡಿಸೆಂಬರ ತಿಂಗಳಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರಕೊಂಡು ಹೋಗುತ್ತಾ ದಾರಿಯಲ್ಲಿ ನಮ್ಮನ್ನು ಕಾಣುವದಕ್ಕೆ ಬಂದಿದ್ದಳು. ಈಗ ಅವಳು ಒಂದು ಸರಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಚಹ ಕುಡಿದಳು, ಬೋರ್ಡಿಂಗಿನ ಹುಣಸೆಮರ ಇನ್ನೂ ಇದೆಯೋ ಎಂದು ವಿಚಾರಿಸಿದಳು, ಗತಿಸಿಹೋದ ಅಡಿಗೆಯ ಅಜ್ಜಿಯನ್ನು ನೆನೆದು ಕಣ್ಣೊರಸಿಕೊಂಡಳು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು ನಗುತ್ತಾ, "ಅಕ್ಕಾವ್ರೇ, ನಾ ತಂದುಕೊಟ್ಟಿದ್ದ ಆ ಕಲ್ಲು ಏನಾತ್ರೀ?" ಎಂದು ಕೇಳಿದಳು. ನಮಗೆ ಒಡನೆ ನೆನಪಾಗಲಿಲ್ಲ. ನೆನಪಾದ ಮೇಲೆ ಉತ್ತರ ಕೊಡುವದಕ್ಕೆ ಬಾಯಿ ಬರಲಿಲ್ಲ.

ಸಂಗತಿ ನಡೆದು ಇಪ್ಪತ್ತು ವರುಷಗಳಾದವು. ನಾವು ಆಗ ಟ್ರೇನಿಂಗು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದವರು. ಎಂಟನೆಯ ತರಗತಿಗೆ ವಿಜ್ಞಾನ ಹೇಳುತ್ತಿದ್ದೆವು. ಆ ಹುಡುಗಿಯ ಊರು ಗೋಕಾಕದ ಹತ್ತಿರ. ದಸರೆಯ ಸೂಟಿ ಕಳೆದು ಬರುವಾಗ ಟ್ರಂಕಿನ ಅರಿವೆಗಳ ಅಡಿಯಲ್ಲಿ ಮುಷ್ಟಿಯಷ್ಟು ದೊಡ್ಡ ಒಂದು ಕಂದುಬಣ್ಣದ ತುಂಡನ್ನು ಇಟ್ಟುಕೊಂಡು ಬಂದಿದ್ದಳು. ಗಾತ್ರಕ್ಕೆ ಮೀರಿದ ತೂಕ. ಒಂದು ಮಗ್ಗುಲಲ್ಲಿ ಏಣುಏಣಾಗಿ ಹಲ್ಲಿನ ಹಾಗಿತ್ತು. "ಹಳ್ಳದ ದಂಡ್ಯಾಗ ಸಿಕ್ತರೀ, ಎಲುಬೋ ಕಲ್ಲೋ ಗೊತ್ತಾಗವಲ್ದು" ಅಂದಳು. ನಾವು ಅದನ್ನು ತಿರುಗಿಸಿಯೂ ನೋಡದೆ, ಎತ್ತಿನದೋ ಎಮ್ಮೆಯದೋ ಹಲ್ಲಿದ್ದೀತು ಎಂದುಬಿಟ್ಟೆವು. "ಇಂಥಾವು ನೋಡೋ ಕೆಲಸ ಅಂತ ಇರತೈತೇನ್ರೀ? ಹೆಣ್ಣಮಕ್ಕಳು ಮಾಡ್ತಾರೇನ್ರೀ?" ಎಂದು ಕೇಳಿದಳು. ಅದು ಗುಡ್ಡಗಾಡು ಅಲೆಯುವ ಗಂಡಸರ ಕೆಲಸ, ನೀನು ಚೆನ್ನಾಗಿ ಓದಿ ಪಾಸಾಗಿ ಟೀಚರ ಟ್ರೇನಿಂಗಿಗೆ ಹೋಗು, ಎಂದೆವು. ಅವಳು ವಿಧೇಯಳು, ಹಾಗೆಯೇ ಮಾಡಿದಳು. ಕಲ್ಲು ಒಂದೆರಡು ವರುಷ ಪ್ರಯೋಗಶಾಲೆಯ ಹಲಗೆಯ ಮೇಲೆ ಬಿದ್ದಿದ್ದು, ಒಂದು ಕ್ರಿಸ್‌ಮಸ್ ಹಬ್ಬಕ್ಕೆ ಸುಣ್ಣ ಬಳಿಸುವಾಗ ಕಸದ ಸಂಗಡ ಹೊರಗೆ ಹೋಯಿತು.

ಈ ಸಂಚಿಕೆಗಾಗಿ ಸಮಿತಿಯವರು ನಮಗೆ 'ಸ್ತ್ರೀಶಿಕ್ಷಣದ ಮಹತ್ವ' ಎಂಬ ವಿಷಯವನ್ನು ಕೊಟ್ಟಿದ್ದರು. ಅದರ ಮೇಲೆ ನಾವು ಹಿಂದೆ ಎರಡಾವರ್ತಿ ಬರೆದದ್ದುಂಟು. ಓದಿದವರು ಈ ವರೆಗೆ ಯಾರೂ ಸಿಕ್ಕಿಲ್ಲ. ಆದಕಾರಣ ಸಮಿತಿಯವರ ಕ್ಷಮೆ ಬೇಡಿ, ಆ ಹುಡುಗಿಗೆ ಇಪ್ಪತ್ತು ವರುಷಗಳ ಹಿಂದೆ ನಾವು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತೇವೆ. ಅವಳು ಹೋದ ಮೇಲೆ ಆರು ತಿಂಗಳು ಪುಸ್ತಕಗಳನ್ನು ತರಿಸಿ ಓದಿ ತಿಳಿದದ್ದು ಇದು.

ಮೊದಲು ಕಲ್ಲಿನ ಮಾತು. ಭಾರತದ ಭೂಗರ್ಭ ಸರ್ವೇಕ್ಷಣ ಇಲಾಖೆಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ದೊರೆಯಿದ್ದರು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಆಯುಧವನ್ನು ಗುರುತಿಸಿದವರು ಇವರೇ. ಪೀಟರ್ ಪರ್ಸಿವಲ್ ಎಂಬ ಮಿಶನರಿಯ ಅಳಿಯಂದಿರು. ಇವರು ಗೋಕಾಕದ ಹತ್ತಿರ ಒಂದು ಹಳ್ಳದಲ್ಲಿ ಕಲ್ಲಾಗಿಹೋದ ಖಡ್ಗಮೃಗದ ಅವಶೇಷಗಳನ್ನು ಕಂಡು, 1874ರಲ್ಲಿ ಅದಕ್ಕೆ 'ರೈನಾಸಿರಸ್ ಡೆಕ್ಕನೆನ್ಸಿಸ್', ಅಂದರೆ ದಕ್ಖನಿನ ಖಡ್ಗಮೃಗ, ಎಂಬ ಹೆಸರಿಟ್ಟು ವರ್ಣಿಸಿದರು. ನಮ್ಮ ಹುಡುಗಿ ತಂದದ್ದು ಖಡ್ಗಮೃಗದ ಹಲ್ಲೇ ಆಗಿತ್ತೆಂದು ನಾವು ಹೇಳುವದಿಲ್ಲ. ಎಮ್ಮೆಯ ಹಲ್ಲೂ ಆಗಿದ್ದೀತು, ಬರೀ ಬೆಣಚುಕಲ್ಲೂ ಆಗಿದ್ದೀತು. ಆದರೆ ಆ ಸೀಮೆಯ ಹಳ್ಳಗಳಲ್ಲಿ ಅಂಥಾದ್ದು ಸಿಕ್ಕಿದ್ದುಂಟೆಂಬದನ್ನು ತಿಳಿಯದೆ ವಿಜ್ಞಾನ ಕಲಿಸುತ್ತಿದ್ದವರು ನಾವು.

ಇನ್ನು ಅವಳ ಎರಡನೆಯ ಪ್ರಶ್ನೆ, ಹೆಣ್ಣುಮಕ್ಕಳು ಮಾಡುತ್ತಾರೆಯೋ ಎಂಬದು. ಅದಕ್ಕೆ ಉತ್ತರ ಪೋಲಂಡ್ ದೇಶದಲ್ಲಿತ್ತು.

ಜೋಫಿಯಾ ಕೀಲಾನ್-ಯಾವೊರೋವ್ಸ್ಕಾ ಎಂಬ ಪಂಡಿತೆಯು (ನಮ್ಮ ಮಿಶನಿನ ರೂಢಿಯಂತೆ ನಾವು ಜೋಫಿಯಾ ಬಾಯಿಯವರು ಅನ್ನುತ್ತೇವೆ) 1925ನೆಯ ಏಪ್ರಿಲ್ 25ರಂದು ವಾರ್ಸಾ ಪಟ್ಟಣದ ಪೂರ್ವಕ್ಕಿರುವ ಸೊಕೊವೂಫ್ ಪೊದ್ಲಾಸ್ಕಿ ಎಂಬ ಊರಲ್ಲಿ ಹುಟ್ಟಿದರು. 1939ನೆಯ ಸೆಪ್ಟೆಂಬರದಲ್ಲಿ ಜರ್ಮನ್ ಸೇನೆ ಪೋಲಂಡಿನೊಳಗೆ ನುಗ್ಗಿದಾಗ ಅವರಿಗೆ ಹದಿನಾಲ್ಕು ವರುಷ. ನಮ್ಮ ಒಂಬತ್ತನೆಯ ತರಗತಿಯ ಮಕ್ಕಳ ವಯಸ್ಸು. ಗೆದ್ದವರು ಹೈಸ್ಕೂಲುಗಳನ್ನೂ ಕಾಲೇಜುಗಳನ್ನೂ ಪೋಲಿಷ್ ಮಕ್ಕಳಿಗೆ ಮುಚ್ಚಿಬಿಟ್ಟರು. ಕೆಳಗಿನ ತರಗತಿಗಳೂ ಕೈಕಸಬಿನ ಶಾಲೆಗಳೂ ಮಾತ್ರ ಉಳಿದವು. ಆ ಮಕ್ಕಳು 500ರ ವರೆಗೆ ಎಣಿಸುವದಕ್ಕೂ ತಮ್ಮ ಹೆಸರು ಬರೆಯುವದಕ್ಕೂ ಕಲಿತರೆ ಸಾಕೆಂದು ಹಿಮ್ಲರನು 1940ರಲ್ಲಿ ಬರೆದಿಟ್ಟ ಟಿಪ್ಪಣಿ ಇಂದಿಗೂ ಇದೆ.

ಆಗ ಪೋಲಂಡಿನ ಶಿಕ್ಷಕರು ಏನು ಮಾಡಿದರೆಂಬದನ್ನು ಓದಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಅವರು ಶಾಲೆಯನ್ನು ಮನೆಗಳೊಳಗೆ ತಂದರು. ಇಂದು ಒಬ್ಬಳ ಮನೆಯ ಅಡಿಗೆಕೋಣೆ, ನಾಳೆ ಮತ್ತೊಬ್ಬಳ ಮನೆಯ ಹಿಂದಿನ ಕೋಣೆ. ಐದಾರು ಮಕ್ಕಳು ಒಬ್ಬೊಬ್ಬರಾಗಿ ಬೇರೆ ಬೇರೆ ಹೊತ್ತಿನಲ್ಲಿ ಬಂದು ಕೂಡುವರು. ಪಾಠ ಮುಗಿದ ಮೇಲೆ ಅದೇ ರೀತಿ ಒಬ್ಬೊಬ್ಬರಾಗಿ ಹೋಗುವರು. ಸಿಕ್ಕಿಬಿದ್ದರೆ ಸೆರೆಮನೆ, ಸೆರೆಶಿಬಿರ, ಮರಣ. ಶಿಕ್ಷಕರಿಗೂ ಮಕ್ಕಳಿಗೂ ಮನೆಯವರಿಗೂ. ಆದಾಗ್ಯೂ ಪರೀಕ್ಷೆಗಳು ನಡೆದವು. ಜೋಫಿಯಾ ಬಾಯಿಯವರು ಹೈಸ್ಕೂಲು ಕಲಿತದ್ದು ಈ ಕದ್ದ ಶಾಲೆಯಲ್ಲಿ. ಹಾಜರಿ ಪುಸ್ತಕವಿಲ್ಲದ ಶಾಲೆ ಹೇಗಿದ್ದೀತೆಂದು ನಾವು ಯೋಚಿಸಿದೆವು. ನಮ್ಮಲ್ಲಿ ಹಾಜರಿ ಪುಸ್ತಕ ತುಂಬಿರುತ್ತದೆ. ಮಕ್ಕಳ ಮನಸ್ಸು ಎಷ್ಟು ದಿನ ಹಾಜರಿರುತ್ತದೆಂಬದನ್ನು ಬರೆಯುವ ಕಾಲಮು ಅದರಲ್ಲಿ ಇಲ್ಲ.

ಅದೇ ಕಾಲದಲ್ಲಿ ಅವರ ತಂದೆತಾಯಿಗಳು ಮನೆಯಲ್ಲಿ ಯೆಹೂದಿ ಹುಡುಗಿಯರಿಗೆ ಆಶ್ರಯ ಕೊಟ್ಟಿದ್ದರು. ಯೆಹೂದಿಯರನ್ನು ಅಡಗಿಸಿಟ್ಟರೆ ಇಡೀ ಕುಟುಂಬಕ್ಕೆ ಮರಣದಂಡನೆಯೆಂದು ಅಲ್ಲಿ ಆಜ್ಞೆಯಿತ್ತು. ಯೆರೂಸಲೇಮಿನ ಯಾದ್ ವಶೇಮ್ ಸ್ಮಾರಕ ಸಂಸ್ಥೆಯವರು 1991ರಲ್ಲಿ ಈ ಕುಟುಂಬದವರನ್ನು 'ಜನಾಂಗಗಳೊಳಗಿನ ನೀತಿವಂತರು' ಎಂಬ ಬಿರುದಿನಿಂದ ಗೌರವಿಸಿದರು. 1944ನೆಯ ಆಗಸ್ಟಿನಲ್ಲಿ ವಾರ್ಸಾದ ಜನರು ದಂಗೆಯೆದ್ದು 63 ದಿನ ಕಾದಾಡಿದಾಗ ಹತ್ತೊಂಬತ್ತು ವರುಷದ ಜೋಫಿಯಾ ಬಾಯಿಯವರು ಗಾಯಾಳುಗಳ ಶುಶ್ರೂಷೆ ಮಾಡಿದರು. ದಂಗೆ ಸೋತಿತು. ಜರ್ಮನರು ಊರನ್ನು ಬೀದಿಬೀದಿಯಾಗಿ ಸುಟ್ಟು ಸಿಡಿಸಿ ನೆಲಸಮ ಮಾಡಿದರು.

ಯುದ್ಧ ಮುಗಿದು ವಿಶ್ವವಿದ್ಯಾಲಯ ತಿರಿಗಿ ತೆರೆದಾಗ ಭೂಗರ್ಭಶಾಸ್ತ್ರದ ವಿಭಾಗಕ್ಕೆ ಕಟ್ಟಡವೇ ಇರಲಿಲ್ಲ. ಪ್ರೊಫೆಸರ ರೋಮಾನ್ ಕೊಜ್ವೊವ್ಸ್ಕಿಯವರು ತಮ್ಮ ಬಿಡಾರದಲ್ಲಿಯೇ ಪಾಠ ಹೇಳಿದರು. ಇವರು ತಾರುಣ್ಯದಲ್ಲಿ ದಕ್ಷಿಣ ಅಮೇರಿಕದ ಬೊಲಿವಿಯದಲ್ಲಿ ಉಪಾಧ್ಯಾಯರಾಗಿದ್ದವರು; ಬೆನ್ನೆಲುಬಿಲ್ಲದ ಅತಿ ಸೂಕ್ಷ್ಮ ಜೀವಿಗಳ ಪಳೆಯುಳಿಕೆಗಳನ್ನು ಆಸಿಡಿನಿಂದ ಕಲ್ಲು ಕರಗಿಸಿ ಬಿಡಿಸುವದರಲ್ಲಿ ನಿಪುಣರು. ಆ ಮನೆಪಾಠಗಳಲ್ಲಿ ಒಂದು ದಿನ ಅವರು, ಅಮೇರಿಕದವರು 1922ರಿಂದ 1930ರ ವರೆಗೆ ಮಂಗೋಲಿಯದ ಗೋಬಿ ಮರುಭೂಮಿಯಲ್ಲಿ ನಡಿಸಿದ ಶೋಧದ ವೃತ್ತಾಂತವನ್ನು ಹೇಳಿದರು. ರಾಯ್ ಚಾಪ್‌ಮನ್ ಆಂಡ್ರ್ಯೂಸ್ ಎಂಬವರ ಮುಂದಾಳುತನದಲ್ಲಿ ಮೋಟಾರುಗಳಲ್ಲಿಯೂ ಒಂಟೆಗಳಲ್ಲಿಯೂ ಹೋದ ಆ ತಂಡದವರು ಡೈನೋಸಾರುಗಳ ಮೊಟ್ಟೆಗಳನ್ನು ಕಂಡುಹಿಡಿದು ಲೋಕಪ್ರಸಿದ್ಧರಾಗಿದ್ದರು. ಆದರೆ ಪಂಡಿತರ ಕಣ್ಣಿಗೆ ಮೊಟ್ಟೆಗಿಂತ ಹೆಚ್ಚಿನದಾದ ಇನ್ನೊಂದು ವಸ್ತು ಅದರಲ್ಲಿತ್ತು. ಡೈನೋಸಾರುಗಳ ಕಾಲದ ಸಸ್ತನಿ ಪ್ರಾಣಿಗಳ ತಲೆಬುರುಡೆಗಳು, ಬೆರಳೆಣಿಕೆಯಷ್ಟು, ಒಂದೊಂದೂ ಇಲಿಯ ತಲೆಯಷ್ಟೇ ಗಾತ್ರದವು. ಸುಟ್ಟುಹೋದ ಊರಿನ ಒಂದು ಬಿಡಾರದಲ್ಲಿ ಕುಳಿತು, ಬಟ್ಟೆಬರೆಗೂ ಬಡತನವಿದ್ದ ಆ ದಿನಗಳಲ್ಲಿ, ಹುಡುಗಿಯೊಬ್ಬಳು ಗೋಬಿಯ ಮರಳಿನ ಕನಸು ಕಟ್ಟಿದಳು.

ಕನಸು ಕೈಗೂಡುವದಕ್ಕೆ ಸುಮಾರು ಹದಿನೆಂಟು ವರುಷ ಹಿಡಿಯಿತು. ಈ ವರುಷಗಳನ್ನು ಅವರು ಕಾಯುತ್ತಾ ಕೂತು ಕಳೆಯಲಿಲ್ಲ. ತಮ್ಮ ದೇಶದ ಗುಡ್ಡಗಳಲ್ಲಿಯೇ ಟ್ರೈಲೋಬೈಟ್ ಎಂಬ ಪುರಾತನ ಸಮುದ್ರಜೀವಿಗಳನ್ನು ಆರಿಸಿ ಅಭ್ಯಾಸಮಾಡಿ 1953ರಲ್ಲಿ ಡಾಕ್ಟರ ಪದವಿ ಪಡೆದರು. ಬಳಿಕ ಸಮುದ್ರದ ಹುಳಗಳ ದವಡೆಗಳ ಮೇಲೆ ದೊಡ್ಡ ಗ್ರಂಥ ಬರೆದರು. ಮದುವೆಯಾಯಿತು, ಮಗ ಹುಟ್ಟಿದನು. 1961ರಲ್ಲಿ ತಮ್ಮ ಗುರುಗಳ ತರುವಾಯ ಪೋಲಿಷ್ ವಿಜ್ಞಾನ ಅಕಾಡೆಮಿಯ ಪುರಾಜೀವಿ ಸಂಸ್ಥೆಗೆ ನಿರ್ದೇಶಕಿಯಾಗಿ 1982ರ ವರೆಗೆ ಅದನ್ನು ನಡಿಸಿದರು. 1963ರಲ್ಲಿ ಪೋಲಂಡ್ ಮತ್ತು ಮಂಗೋಲಿಯ ಎರಡೂ ದೇಶಗಳವರು ಕೂಡಿ ಮಾಡುವ ಗೋಬಿ ಶೋಧ ಮೊದಲಾಯಿತು. ಅದರ ವ್ಯವಸ್ಥೆಯೂ ಮುಂದಾಳುತನವೂ ಇವರದು. ನಡುವೆ ಬಿಡುವಿದ್ದರೂ 1971ರ ವರೆಗೆ ತಂಡಗಳು ಹೋದವು.

ಲಾರಿಗಳು, ಡೇರೆಗಳು, ಆಹಾರ, ಪೆಟ್ರೋಲು, ಸುತ್ತಿ ಕಟ್ಟುವದಕ್ಕೆ ಸುಣ್ಣದ ಪುಡಿಯಂಥ ಪ್ಲಾಸ್ಟರು, ಎಲ್ಲವನ್ನೂ ಪೋಲಂಡಿನಿಂದ ಹೊತ್ತುಕೊಂಡು ಹೋಗಬೇಕು. ನೀರು ಅಳೆದು ಕುಡಿಯಬೇಕು. ಗಾಳಿಯೆದ್ದರೆ ಡೇರೆ ಹಾರಿಹೋಗುವದು. 1965ರಲ್ಲಿ ದೊಡ್ಡ ಡೈನೋಸಾರೊಂದರ ಅಸ್ಥಿಪಂಜರವನ್ನು ಅಗೆದು ತೆಗೆದರು. ಅದು 35 ಪೆಟ್ಟಿಗೆಗಳಾಗಿ ಸುಮಾರು 12 ಟನ್ನು ತೂಗಿತು. ಲಾರಿ ಹೋಗಲಾರದ ಕೊರಕಲಾದ್ದರಿಂದ ಪೆಟ್ರೋಲು ಪೀಪಾಯಿಗಳ ತಗಡಿನಿಂದ ಜಾರುಬಂಡಿ ಮಾಡಿ ಎಳೆದರು. ಅದೇ ವರುಷದ ಜುಲೈ 9ರಂದು ಜೋಫಿಯಾ ಬಾಯಿಯವರಿಗೆ ಒಂದು ಜೋಡಿ ತೋಳುಗಳು ಸಿಕ್ಕವು. ಒಂದೊಂದು ತೋಳೂ 2.4 ಮೀಟರು ಉದ್ದ, ತುದಿಯಲ್ಲಿ ಭಯಂಕರವಾದ ಉಗುರುಗಳು. ದೇಹ ಸಿಕ್ಕಲಿಲ್ಲ. 'ಡೈನೋಕೈರಸ್', ಅಂದರೆ ಭಯಂಕರ ಹಸ್ತ, ಎಂದು 1970ರಲ್ಲಿ ಅದಕ್ಕೆ ಹೆಸರಿಟ್ಟವರೂ ಇಬ್ಬರು ಸ್ತ್ರೀಯರೇ, ಅವರ ಸಹೋದ್ಯೋಗಿಗಳಾದ ಹಾಲ್ಷ್ಕಾ ಓಸ್ಮುಲ್ಸ್ಕಾ ಮತ್ತು ಎವಾ ರೊನೆವಿಚ್. ಆ ಹಸ್ತದ ಒಡೆಯ ಎಂಥಾ ಪ್ರಾಣಿಯೆಂದು ಸುಮಾರು ಐವತ್ತು ವರುಷ ಯಾರಿಗೂ ತಿಳಿಯಲಿಲ್ಲ. ಬೇರೆ ಅಸ್ಥಿಪಂಜರಗಳು ಸಿಕ್ಕಿ 2014ರಲ್ಲಿ ವಿವರ ಪ್ರಕಟವಾದಾಗ, ಅದು ಬೆನ್ನ ಮೇಲೆ ದಿಬ್ಬವೂ ಬಾತುಕೋಳಿಯಂಥ ಮೂತಿಯೂ ಇದ್ದ ವಿಚಿತ್ರ ಮೃಗವಾಗಿತ್ತು. ಜೋಫಿಯಾ ಬಾಯಿಯವರು ಆಗ ಎಂಬತ್ತೊಂಬತ್ತು ವರುಷದವರು. ತಾವು ನಲವತ್ತನೆಯ ವಯಸ್ಸಿನಲ್ಲಿ ಮರಳಿನಿಂದ ಎತ್ತಿದ ಪ್ರಶ್ನೆಗೆ ಉತ್ತರ ಬರುವ ತನಕ ಬದುಕಿದ್ದರು.

1971ರಲ್ಲಿ ಸಿಕ್ಕಿದ ಜೋಡಿಯ ಚಿತ್ರವನ್ನು ನಮ್ಮ ಮಕ್ಕಳೂ ಪುಸ್ತಕಗಳಲ್ಲಿ ನೋಡಿದ್ದಾರು. ಬೇಟೆಯಾಡುವ ವೆಲೊಸಿರ‍್ಯಾಪ್ಟರ್ ಒಂದು, ಕುರಿಯಷ್ಟು ದೊಡ್ಡ ಪ್ರೊಟೊಸೆರಟಾಪ್ಸ್ ಒಂದು. ಒಂದರ ಕಾಲುಗುರು ಇನ್ನೊಂದರ ಕುತ್ತಿಗೆಯಲ್ಲಿ. ಇದರ ತೋಳು ಅದರ ಬಾಯಲ್ಲಿ. ಕಾದಾಡುತ್ತಿದ್ದ ಹಾಗೆಯೇ ಮರಳು ಕುಸಿದು ಮುಚ್ಚಿಕೊಂಡಿರಬೇಕೆಂದು ಹೇಳುತ್ತಾರೆ.

ಆದರೆ ಇವೆಲ್ಲಾ ಲಾರಿಯಲ್ಲಿ ಹೇರಿ ತರುವಂಥವು. ಜೋಫಿಯಾ ಬಾಯಿಯವರ ಮನಸ್ಸಿದ್ದದ್ದು ಬೆಂಕಿಪೆಟ್ಟಿಗೆಯಲ್ಲಿ ಹಿಡಿಯುವವುಗಳ ಮೇಲೆ. ಅಮೇರಿಕದವರ ತರುವಾಯ, 1940ರ ದಶಕದಲ್ಲಿ, ಸೋವಿಯತ್ ತಂಡದವರು ಗೋಬಿಗೆ ಹೋಗಿ ದೊಡ್ಡ ದೊಡ್ಡ ಅಸ್ಥಿಪಂಜರಗಳನ್ನು ತಂದಿದ್ದರು. ನಿಂತು ನೋಡುವವರಿಗೆ ದೊಡ್ಡವೇ ಕಾಣುತ್ತವೆ. ಚಿಕ್ಕವು ಬೇಕಾದರೆ ಮೊಣಕಾಲೂರಿ, ಮುಖವನ್ನು ನೆಲಕ್ಕೆ ಹತ್ತಿರ ತಂದು, ಅಂಗೈಯಗಲ ಅಂಗೈಯಗಲವಾಗಿ ಹುಡುಕಬೇಕು. ಕೆಂಪು ಮರಳುಗಲ್ಲಿನ ಪುಟ್ಟ ಉಂಡೆಯೊಂದರಲ್ಲಿ ಹಲ್ಲಿನ ಒಂದು ಮಿನುಗು ಕಂಡರೆ ಅದೇ ಭಾಗ್ಯ. ಈ ಪ್ರಕಾರ ಬಿಸಿಲಲ್ಲಿ ದಿನಗಟ್ಟಲೆ ತೆವಳಿ ಅವರ ತಂಡದವರು ನೂರಕ್ಕಿಂತ ಹೆಚ್ಚು ಸಸ್ತನಿ ಅವಶೇಷಗಳನ್ನು ಕೂಡಿಸಿದರು. ಆ ಕಾಲದ ಸಸ್ತನಿಗಳ ಅಷ್ಟು ದೊಡ್ಡ ಸಂಗ್ರಹ ಆಗ ಲೋಕದಲ್ಲಿ ಬೇರೆಲ್ಲಿಯೂ ಇರಲಿಲ್ಲ.

ಇದರ ಬೆಲೆಯೇನೆಂದು ಕೇಳುವವರಿಗೆ ಸ್ವಲ್ಪ ವಿವರಿಸಬೇಕು. ಡೈನೋಸಾರುಗಳು ಅಳಿದು 6.6 ಕೋಟಿ ವರುಷಗಳಾದವು. ಅವು ಹೋದ ತರುವಾಯವೇ ಹಾಲೂಡುವ ಪ್ರಾಣಿಗಳು ಬಂದವೆಂದು ನಾವೂ ಒಂದು ಕಾಲಕ್ಕೆ ಪಾಠ ಹೇಳಿದ್ದುಂಟು, ಅದು ತಪ್ಪು. ಸಸ್ತನಿಗಳ ಕುಲ ಇಪ್ಪತ್ತು ಕೋಟಿ ವರುಷಗಳಿಗಿಂತಲೂ ಹಳೆಯದು. ಹಾಗಾದರೆ ಅವುಗಳ ಚರಿತ್ರೆಯ ಮೂರರಲ್ಲಿ ಎರಡು ಪಾಲು ಡೈನೋಸಾರುಗಳ ಕಾಲಡಿಯಲ್ಲಿಯೇ ಕಳೆಯಿತು. ಬೇರೆ ಕಡೆಗಳಲ್ಲಿ, ಮುಖ್ಯವಾಗಿ ಉತ್ತರ ಅಮೇರಿಕದಲ್ಲಿ, ಈ ಚರಿತ್ರೆಯ ಸಾಕ್ಷಿಯೆಂದರೆ ಬಹುಮಟ್ಟಿಗೆ ಬಿಡಿಬಿಡಿ ಹಲ್ಲುಗಳು, ಮಣ್ಣನ್ನು ನೀರಲ್ಲಿ ಜರಡಿಯಾಡಿ ಹೆಕ್ಕಿದಂಥವು. ನದಿಯ ನೀರು ಹೊರಳಿಸಿದ ಎಲುಬು ಉಳಿಯುವದಿಲ್ಲ. ಗೋಬಿಯಲ್ಲಿಯೋ, ಏಳೆಂಟು ಕೋಟಿ ವರುಷಗಳ ಹಿಂದೆ, ಮರಳದಿಬ್ಬಗಳು ಸತ್ತ ಪ್ರಾಣಿಯನ್ನು ಬೇಗನೆ ಮುಚ್ಚಿ ಕಾಪಾಡಿದವು. ಆದಕಾರಣ ಇಡೀ ತಲೆಬುರುಡೆ, ಕೆಲವೊಮ್ಮೆ ಕೈಕಾಲು ಸಹಿತ, ಸಿಕ್ಕುತ್ತದೆ. ಅದೇ ಮರುಭೂಮಿಯ ನೆಮೆಗ್ತ್ ಎಂಬ ಕಡೆಯ ಬಂಡೆಗಳು ಮಾತ್ರ ನದಿಗಳು ಹರಿದ ಹಸಿರು ನೆಲದವು. ದೈತ್ಯಗಳು ಸಿಕ್ಕಿದ್ದು ಅಲ್ಲಿ. ಯಾವ ಬಂಡೆಯಲ್ಲಿ ಯಾವ ಪ್ರಾಣಿ ಯಾವುದರ ಸಂಗಡ ಮಲಗಿದೆಯೆಂಬದನ್ನು ಕೂಡಿಸಿ ಓದಿದರೆ, ಮಳೆಯೆಷ್ಟು, ಗಿಡಮರಗಳೆಷ್ಟು, ಯಾರು ಯಾರನ್ನು ತಿಂದು ಬದುಕಿದರು ಎಂಬ ಲೆಕ್ಕ ಸಿಕ್ಕುತ್ತದೆ. ಒಂದು ಊರಿನ ಖಾನೇಸುಮಾರಿಯ ಹಾಗೆ.

ವೇದಪಾಠದ ತಾಸಿನಲ್ಲಿ ಈ ಕೋಟಿಗಳ ಲೆಕ್ಕವನ್ನೆತ್ತಿ ನಮ್ಮನ್ನು ಇಕ್ಕಟ್ಟಿಗೆ ತರುವ ಮಕ್ಕಳಿದ್ದಾರೆ. ಆ ಲೆಕ್ಕಕ್ಕೆ ಹೆದರಿ ಬರುವ ತಂದೆತಾಯಿಗಳೂ ಇದ್ದಾರೆ. ಸೃಷ್ಟಿಕರ್ತನು ಅವಸರದವನೆಂದು ನಾವು ಎಲ್ಲಿಯೂ ಓದಿಲ್ಲವೆಂದು ಇಬ್ಬರಿಗೂ ಹೇಳಿ ಕಳುಹಿಸುತ್ತೇವೆ.

ಇಲಿಯ ತಲೆಯಷ್ಟರ ಬುರುಡೆಯಿಂದ ಏನು ತಿಳಿಯುತ್ತದೆ? ಅವರ ಮೆಚ್ಚಿನ ಪ್ರಾಣಿಗಳು ಮಲ್ಟಿಟ್ಯುಬರ್ಕ್ಯುಲೇಟ್ ಎಂಬ ಕುಲದವು. ದವಡೆಯ ಹಲ್ಲುಗಳ ಮೇಲೆ ಸಾಲುಸಾಲು ಗುಬುಟುಗಳಿರುವದರಿಂದ ಆ ಹೆಸರು. ನೋಡುವದಕ್ಕೆ ಇಲಿಯಂತೆ, ಆದರೆ ಇಲಿಯ ಕುಲವಲ್ಲ. ಈಗ ಪೂರಾ ಅಳಿದುಹೋಗಿವೆ. ಮಿದುಳಿದ್ದ ಜಾಗದಲ್ಲಿ ತುಂಬಿಕೊಂಡ ಕಲ್ಲಿನ ಅಚ್ಚನ್ನು ನೋಡಿ, ವಾಸನೆ ಹಿಡಿಯುವ ಭಾಗ ದೊಡ್ಡದಾಗಿತ್ತೆಂದು ತಿಳಿದರು. ಕೆಲವು ಬುರುಡೆಗಳನ್ನು ಪದರುಪದರಾಗಿ ಅರೆದು, ಪ್ರತಿ ಪದರನ್ನೂ ಚಿತ್ರಿಸಿಕೊಂಡು, ರಕ್ತನಾಳಗಳು ಹರಿದ ದಾರಿಯನ್ನು ಗುರುತಿಸಿದರು. ಬೆಲೆಕಟ್ಟಲಾಗದ ವಸ್ತುವನ್ನು ತಿಳಿಯುವದಕ್ಕಾಗಿ ಅರೆದುಬಿಡುವದಕ್ಕೆ ಎಂಥಾ ಧೈರ್ಯ ಬೇಕು! ತಿಳಿಯದೆ ಕಸಕ್ಕೆಸೆಯುವದಕ್ಕೆ ಏನೂ ಬೇಕಾಗಿಲ್ಲ, ಅದನ್ನು ನಾವು ಬಲ್ಲೆವು.

ಅವರ ಕೆಲಸಗಳಲ್ಲಿ ನಮ್ಮನ್ನು ಬಹಳವಾಗಿ ಹಿಡಿದು ನಿಲ್ಲಿಸಿದ್ದು 1979ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಚಿಕ್ಕ ಲೇಖ. ಈ ಪುಟ್ಟ ಪ್ರಾಣಿಯ ಸೊಂಟದ ಎಲುಬುಗಳನ್ನು ಅಳೆದು, ಎರಡು ಪಕ್ಕಗಳೂ ಕೆಳಗೆ ಕೂಡಿ ಬೆಸೆದುಕೊಂಡಿವೆ, ದಾರಿ ಬಹಳ ಇಕ್ಕಟ್ಟು, ಇದರೊಳಗಿಂದ ಮೊಟ್ಟೆ ಹೊರಗೆ ಬರಲಾರದು ಎಂದು ಅವರು ತೋರಿಸಿದರು. ಹಾಗಾದರೆ ಕಾಂಗರೂವಿನ ಹಾಗೆ ಅತಿ ಚಿಕ್ಕದಾದ, ಇನ್ನೂ ಬಲಿಯದ ಮರಿಯನ್ನು ಈದು ಸಾಕಿರಬೇಕೆಂಬದು ಅವರ ತೀರ್ಮಾನ. ಏಳು ಕೋಟಿ ವರುಷಗಳ ಹಿಂದಿನ ಒಂದು ಹೆರಿಗೆಯ ಕಷ್ಟವನ್ನು ಬೆರಳುಗುರಿನಷ್ಟರ ಎಲುಬಿನಿಂದ ಓದಿದರು! ಗಂಡಸರಿಗೆ ಈ ಪ್ರಶ್ನೆ ಹೊಳೆಯುತ್ತಿದ್ದಿಲ್ಲವೆಂದು ನಾವು ಅನ್ನುವದಿಲ್ಲ. ಹೊಳೆದದ್ದು ಒಬ್ಬ ತಾಯಿಗೆ ಎಂಬದಷ್ಟೇ ನಮ್ಮ ಮಾತು. 2022ರಲ್ಲಿ ಬೇರೆ ಪಂಡಿತರು ಎಲುಬಿನ ಒಳರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇವು ಮರಿಗಳನ್ನು ಬಹುಕಾಲ ಗರ್ಭದಲ್ಲಿಟ್ಟುಕೊಂಡಿದ್ದಿರಬೇಕೆಂದು ಭಿನ್ನಾಭಿಪ್ರಾಯ ಕೊಟ್ಟಿದ್ದಾರೆ. ಅಂತೂ ವಾದ ಮುಗಿದಿಲ್ಲ.

ಅವರು ಮುಂದೆ 1987ರಿಂದ 1995ರ ವರೆಗೆ ನಾರ್ವೆಯ ಓಸ್ಲೊ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರರಾಗಿದ್ದರು. ಗೋಬಿಯ ಕಥೆಯನ್ನು ಸಾಮಾನ್ಯರಿಗಾಗಿ ಬರೆದ ಪುಸ್ತಕದ ಇಂಗ್ಲಿಷ್ ರೂಪವು 1969ರಲ್ಲಿ ಅಮೇರಿಕದಲ್ಲಿ ಅಚ್ಚಾಯಿತು. ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, 2004ರಲ್ಲಿ, ಇಬ್ಬರು ಸಹೋದ್ಯೋಗಿಗಳೊಡನೆ ಡೈನೋಸಾರುಗಳ ಕಾಲದ ಸಸ್ತನಿಗಳ ಮೇಲೆ ಆರು ನೂರಕ್ಕೂ ಹೆಚ್ಚು ಪುಟಗಳ ಗ್ರಂಥವನ್ನು ಹೊರತಂದರು. ಆ ವಿಷಯವನ್ನು ಅಭ್ಯಾಸಮಾಡುವವರು ಮೊದಲು ತೆರೆಯುವ ಪುಸ್ತಕ ಅದು. 2015ನೆಯ ಮಾರ್ಚ 13ರಂದು ತೀರಿಹೋದರು.

ಇಷ್ಟನ್ನೂ ನಾವು ಆ ಹಳೆಯ ವಿದ್ಯಾರ್ಥಿನಿಗೆ ಕಾಗದದಲ್ಲಿ ಬರೆದೆವು. ಕಲ್ಲನ್ನು ಎಸೆದದ್ದನ್ನೂ ಮುಚ್ಚಿಡಲಿಲ್ಲ. ಗಂಡಸರ ಕೆಲಸವೆಂದು ನಾವು ಹೇಳಿದ್ದು ಅಜ್ಞಾನದ ಮಾತೆಂದೂ, ಆ ಹೊತ್ತಿಗೆ ಗೋಬಿಯ ಶೋಧ ಮುಗಿದು ಮೂವತ್ತು ವರುಷಗಳಾಗಿದ್ದವೆಂದೂ ಬರೆದೆವು. ಉತ್ತರ ಬರುವದಕ್ಕೆ ಮೂರು ವಾರ ಹಿಡಿಯಿತು. ನಾವು ಅಂಜಿಕೊಂಡಿದ್ದ ಮಾತು ಅದರಲ್ಲಿರಲಿಲ್ಲ. ಇದ್ದಿದ್ದರೆ ಒಳ್ಳೆಯದಾಗುತ್ತಿತ್ತೋ ಏನೋ. ಮಕ್ಕಳಿಗೆ ಕಲಿಸುವದು ತನಗೆ ಇಷ್ಟವಾದ ಕೆಲಸವೇ ಎಂದು ಬರೆದಿದ್ದಳು. ಕೆಳಗೆ ಸಣ್ಣ ಅಕ್ಷರದಲ್ಲಿ, "ಆದರ ಅವತ್ತ ನೀವು ಒಮ್ಮೆ ತಿರುವಿ ನೋಡಿದ್ರ ಚಲೋ ಇತ್ತರೀ ಅಕ್ಕಾವ್ರೇ" ಎಂದು ಸೇರಿಸಿದ್ದಳು. ಬರುವ ಬೇಸಿಗೆಯಲ್ಲಿ, ನೀರಿಳಿದ ಮೇಲೆ, ತನ್ನ ಶಾಲೆಯ ಮಕ್ಕಳನ್ನು ಆ ಹಳ್ಳಕ್ಕೆ ಕರಕೊಂಡು ಹೋಗುತ್ತಾಳಂತೆ. ಏನಾದರೂ ಕಂಡರೆ ಕೀಳದೆ, ಜಾಗ ಗುರುತುಮಾಡಿ, ತಿಳಿದವರಿಗೆ ಬರೆಯಬೇಕೆಂದು ನಾವು ತಿಳಿಸಿದ್ದೇವೆ. ಎಲುಬು ಯಾವ ಪದರಿನಲ್ಲಿತ್ತೆಂಬದು ಹೋದರೆ ಅರ್ಧ ಕಥೆ ಹೋದಂತೆಯೇ.

ಕಸದ ಸಂಗಡ ಹೋದ ಕಲ್ಲುಗಳನ್ನು ಆಗಿನ ಮಾಲಿಯು ಹೂವಿನ ಪಾತಿಗಳ ಅಂಚಿಗೆ ಒಟ್ಟಿದ್ದನೆಂದು ಬೋರ್ಡಿಂಗಿನ ಹಳೆಯ ಆಯಾ ಹೇಳುತ್ತಾಳೆ. ಅವಳ ನೆನಪನ್ನು ನಂಬುವದು ಕಷ್ಟ. ಆದರೂ ಒಂಬತ್ತನೆಯ ತರಗತಿಯ ಮಕ್ಕಳು ಶನಿವಾರದ ಮಧ್ಯಾಹ್ನ ಬಕೆಟ್ಟು, ಹಳೆಯ ಹಲ್ಲುಜ್ಜುವ ಬ್ರಶ್ಶು ತೆಗೆದುಕೊಂಡು ಒಂದೊಂದು ಕಲ್ಲನ್ನೂ ತೊಳೆದು, ತಿರುವಿ ನೋಡಿ, ನಂಬರು ಬರೆದು ಇಡುತ್ತಿದ್ದಾರೆ. ನಾವೂ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು. ಕುರ್ಚಿಯಿಂದ ಏನೂ ಕಾಣುವದಿಲ್ಲವೆಂದು ಹುಡುಗಿಯೊಬ್ಬಳು ಹೇಳಿದ ಮೇಲೆ ಕೆಳಗೆ ಕೂತಿದ್ದೇವೆ. ಮೂರು ಪಾತಿಗಳು ಮುಗಿದವು. ಗುಲಾಬಿಯ ಪಾತಿಗಳು ಎರಡು ಉಳಿದಿವೆ.